ಮೂರಡಿ ಪಟ್ಟಿಯಲ್ಲಿ ಪರಿಮಳದ ಹಳದಿ ಗುಲಾಬಿ: ಗುಂಡಿಯಿಂದ ಹೂವಿನವರೆಗೆ

ಹಳದಿ ಹೈಬ್ರಿಡ್ ಟೀ ಗುಲಾಬಿ (ಉದ್ದ ಕಡ್ಡಿಗೆ ಒಂದೊಂದೇ ದೊಡ್ಡ ಹೂ ಬಿಡುವ ಬಗೆ) ಬೆಳೆಸುವುದರಲ್ಲಿ ಮುಕ್ಕಾಲು ಪಾಲು ಕೆಲಸ ಎಲೆ ಉಳಿಸಿಕೊಳ್ಳುವುದು. ಕೆಂಪು ಗುಲಾಬಿಗೆ ಸಾಕಾಗುವ ಆರೈಕೆ ಇದಕ್ಕೆ ಸಾಕಾಗುವುದಿಲ್ಲ. ಕಾರಣ ವಂಶದಲ್ಲೇ ಇದೆ. ಹಳೆಯ ಟೀ ಗುಲಾಬಿಗಳ ತಿಳಿ ಹಳದಿಯನ್ನು ಬಿಟ್ಟರೆ, ತೋಟದ ಗುಲಾಬಿಗಳಿಗೆ ಗಾಢ ಹಳದಿ ಬಂದದ್ದು 'ಪರ್ಷಿಯನ್ ಯೆಲ್ಲೋ' ಎಂಬ ಪೊದೆ ಗುಲಾಬಿಯಿಂದ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಪೆರ್ನೆ-ಡುಷೆ ಅದನ್ನು ತೋಟದ ಗುಲಾಬಿಯೊಂದಿಗೆ ಸಂಕರ ಮಾಡಿ 1900ರಲ್ಲಿ 'ಸೊಲೇ ಡೋರ್' ಬಿಡುಗಡೆ ಮಾಡಿದರು. 1910ರಲ್ಲಿ 'ರೇಯೋನ್ ಡೋರ್' ಬಂತು. ಇಂದಿನ ಗಾಢ ಹಳದಿ ತಳಿಗಳ ಮೂಲ ಹುಡುಕುತ್ತ ಹೋದರೆ ಬಹುಪಾಲು ಅಲ್ಲಿಗೇ ಮುಟ್ಟುತ್ತದೆ. ಬಣ್ಣದ ಜೊತೆಗೆ ಮೂರು ದೌರ್ಬಲ್ಯಗಳೂ ಬಂದವು: ಕಪ್ಪು ಚುಕ್ಕೆ ರೋಗಕ್ಕೆ ಬೇಗ ಬೀಳುವುದು, ಕಡ್ಡಿ ತುದಿಯಿಂದ ಒಣಗುತ್ತ ಬರುವುದು, ಬುಡದವರೆಗೆ ಸವರಿದರೆ ಸೊರಗುವುದು. ಮುಂದೆ ಹೇಳುವ ಅಳತೆ, ತಿಂಗಳು, ಔಷಧಿ ಎಲ್ಲವೂ ಈ ಮೂರನ್ನು ಗಮನದಲ್ಲಿಟ್ಟುಕೊಂಡು ಮಾಡಿದವು.

ಇಲ್ಲಿನ ಲೆಕ್ಕ ಬೆಂಗಳೂರಿನ 30×40 ಸೈಟಿನ ಮನೆಯದು. ಪೂರ್ವದ ಕಾಂಪೌಂಡ್ ಪಕ್ಕದಲ್ಲಿ 3 ಅಡಿ ಅಗಲ, 8 ಅಡಿ ಉದ್ದದ ಪಟ್ಟಿ, ಅದರಲ್ಲಿ ಮೂರು ಗಿಡ. ಮೈಸೂರು, ಹಾಸನ, ತುಮಕೂರಿನಲ್ಲೂ ಇದೇ ಕ್ರಮ ನಡೆಯುತ್ತದೆ. ಕರಾವಳಿಯ ಮಳೆಗೆ, ಕಲಬುರಗಿಯ ಬೇಸಿಗೆಗೆ ಕ್ಯಾಲೆಂಡರನ್ನು ಬೇರೆಯೇ ಹಾಕಿಕೊಳ್ಳಬೇಕು.

ತಳಿಯ ಆಯ್ಕೆ

ನರ್ಸರಿಯಲ್ಲಿ 'ಹಳದಿ ಗುಲಾಬಿ ಕೊಡಿ' ಎಂದರೆ ಸಾಮಾನ್ಯವಾಗಿ ವಾಸನೆಯೇ ಇಲ್ಲದ ಗಿಡ ಕೈಗೆ ಬರುತ್ತದೆ. ಕತ್ತರಿಸಿ ಮಾರುವ ಹೂವಿನ ತಳಿಗಳಲ್ಲಿ ಬಾಳಿಕೆಗೆ ಮೊದಲ ಸ್ಥಾನ, ಪರಿಮಳಕ್ಕೆ ಕೊನೆಯದು. ಹಾಗಾಗಿ ಹೆಸರು ಹಿಡಿದು ಕೇಳಬೇಕು. 'ಲ್ಯಾಂಡೋರಾ' (ಜರ್ಮನಿಯ ಟಾಂಟೌ, 1970) ಆಕಾರದಲ್ಲಿ ಅಚ್ಚುಕಟ್ಟು, ಪರಿಮಳ ತೆಳು. 'ಪೀಸ್' ಹೆಸರುವಾಸಿ ತಳಿ, ಗಿಡ ಗಟ್ಟಿ. ಆದರೆ ಅದರ ಹಳದಿಗೆ ನಸುಗೆಂಪು ಅಂಚಿದೆ, ಪರಿಮಳ ಅಷ್ಟಕ್ಕಷ್ಟೆ. 'ಸಟರ್ಸ್ ಗೋಲ್ಡ್' 1950ರ ಅಮೆರಿಕನ್ ತಳಿ. ಅಲ್ಲಿನ ರೋಸ್ ಸೊಸೈಟಿಯ ಗ್ಯಾಂಬಲ್ ಪರಿಮಳ ಪದಕ 1966ರಲ್ಲಿ ಇದಕ್ಕೆ ಸಿಕ್ಕಿತು. ಮೊಗ್ಗಿನ ಹೊರ ಎಸಳಿಗೆ ಕೆಂಪು ಛಾಯೆ, ಬಿಡಿಸಿದ ಹಣ್ಣಿನಂಥ ಗಾಢ ಪರಿಮಳ. ಅದರ ಕೊರತೆಯೆಂದರೆ ಬಿಸಿಲು ಏರಿದಾಗ ಹೂವು ಬೇಗ ಅರಳಿ ಸಡಿಲವಾಗಿಬಿಡುತ್ತದೆ. 'ಕಿಂಗ್ಸ್ ರ್ಯಾನ್ಸಮ್' (ಮೋರೆ, 1961) ಅಪ್ಪಟ ಹಳದಿ, ತುಂಬು ಎಸಳು, ಮಿಂಚುವ ಎಲೆ, ಮಧ್ಯಮ ಪರಿಮಳ.

ಮೂರು ಗುಂಡಿಗಳಿಗೆ ಎರಡು 'ಕಿಂಗ್ಸ್ ರ್ಯಾನ್ಸಮ್', ಒಂದು 'ಸಟರ್ಸ್ ಗೋಲ್ಡ್' ಎಂಬುದು ನಮ್ಮ ಸಲಹೆ. ಒಂದೇ ಆರಿಸಬೇಕಾದರೆ, ಮೂಗಿಗೆ ಬೇಕೆನ್ನುವವರು ಎರಡನೆಯದನ್ನು, ಹೂದಾನಿಗೆ ಬೇಕೆನ್ನುವವರು ಮೊದಲನೆಯದನ್ನು ಹಾಕಲಿ. ಲೇಬಲ್ ನಂಬಿ ಕೊಳ್ಳುವುದಕ್ಕಿಂತ ಹೂಬಿಟ್ಟ ಗಿಡವನ್ನು ಬೆಳಿಗ್ಗೆ ಹೋಗಿ ಮೂಸಿ ನೋಡಿ ತರುವುದು ಒಳ್ಳೆಯದು. ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ ಮೂಸಿದರೆ ಪರಿಮಳದ ತಳಿಯೂ ಸಪ್ಪೆ ಅನಿಸುತ್ತದೆ.

ಬಿಸಿಲು ಅಳೆಯುವುದು

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಅದು ಬೆಳಗಿನದಾಗಿರಲಿ. ಬೆಳಗಿನ ಬಿಸಿಲು ಎಲೆಯ ಮೇಲಿನ ಇಬ್ಬನಿಯನ್ನು ಬೇಗ ಒಣಗಿಸುತ್ತದೆ. ಮಧ್ಯಾಹ್ನ ಎರಡರ ನಂತರ ನೆರಳು ಬಿದ್ದರೆ ಹಳದಿಗೆ ಲಾಭವೇ. ಎಸಳಿನ ಹಳದಿ ಬಣ್ಣ ಕ್ಯಾರೊಟಿನಾಯ್ಡ್‌ಗಳದ್ದು, ಸುಡುಬಿಸಿಲಿಗೆ ಅದು ಒಡೆದು ಹೂವು ಬಿಳಿಚಿಕೊಳ್ಳುತ್ತದೆ.

ಅಳೆಯುವಾಗ ತಪ್ಪುವುದು ತಿಂಗಳಿನ ಆಯ್ಕೆಯಲ್ಲಿ. ಏಪ್ರಿಲ್‌ನಲ್ಲಿ ನೆತ್ತಿಯ ಮೇಲಿರುವ ಸೂರ್ಯ ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಪಕ್ಕದ ಸೈಟಿನಲ್ಲಿ ಮೂರು ಮಹಡಿ ಎದ್ದಿದ್ದರೆ, ಒಳ್ಳೆಯ ಹೂವು ಬರಬೇಕಾದ ಚಳಿಗಾಲದಲ್ಲೇ ಪಟ್ಟಿ ನೆರಳಿಗೆ ಬೀಳುತ್ತದೆ. ಬಿಸಿಲು ಕಡಿಮೆಯಾದ ಗಿಡ ಮೊಗ್ಗಿಲ್ಲದ ಕುರುಡು ಚಿಗುರು ಬಿಡುತ್ತದೆ. ಆ ಜಾಗಕ್ಕೆ ಗೊಬ್ಬರ ಸುರಿದು ಪ್ರಯೋಜನವಿಲ್ಲ.

ಕಾಂಪೌಂಡ್ ಗೋಡೆ ಪೂರ್ತಿ ಮುಚ್ಚಿದ್ದಾಗಿದ್ದರೆ ಗಿಡಗಳನ್ನು ಗೋಡೆಯಿಂದ ಒಂದೂವರೆ ಅಡಿ ದೂರಕ್ಕೆ, ಅಂದರೆ ಪಟ್ಟಿಯ ನಡುಮಧ್ಯಕ್ಕೆ ನೆಡಿ. 8 ಅಡಿ ಉದ್ದದಲ್ಲಿ ಗುರುತು 1.5, 4 ಮತ್ತು 6.5 ಅಡಿಗೆ ಬರುತ್ತದೆ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ. ನಾಲ್ಕನೆಯದನ್ನು ತುರುಕುವ ಆಸೆ ಬಂದೇ ಬರುತ್ತದೆ, ಬೇಡ. ಎಲೆಗೆ ಎಲೆ ತಾಕುವ ಸಾಲಿನಲ್ಲಿ ಗಾಳಿಯಾಡದೆ ಎಲೆ ಒಣಗುವುದು ತಡವಾಗುತ್ತದೆ.

ಗುಂಡಿ: ಅಕ್ಟೋಬರ್ ಮೊದಲ ವಾರ

ಗುಂಡಿ ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿ. ಅಗೆಯುವಾಗ ಮನೆ ಕಟ್ಟಿದ ಕಾಲದ ಗಾರೆ ಚೂರು, ಸಿಮೆಂಟ್ ಉಂಡೆ, ಟೈಲ್ಸ್ ತುಂಡು ಸಿಗದೆ ಇರುವುದಿಲ್ಲ. ಅವನ್ನು ಆರಿಸಿ ಹೊರಹಾಕಲೇಬೇಕು. ಸಿಮೆಂಟು, ಸುಣ್ಣ ಎರಡೂ ಮಣ್ಣನ್ನು ಕ್ಷಾರಕ್ಕೆ ಎಳೆಯುತ್ತವೆ. ಗುಲಾಬಿಗೆ ಹಿತವಾದ ಪಿಎಚ್ 6ರಿಂದ 6.5, ಹೆಚ್ಚೆಂದರೆ 7. ಅನುಮಾನ ಬಂದರೆ ಒಂದು ಚಮಚ ಒಣಮಣ್ಣಿನ ಮೇಲೆ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಸುಣ್ಣ ಇದೆ ಎಂದು ಅರ್ಥ. ಆಗ ಆ ಮಣ್ಣನ್ನು ಗುಂಡಿಗೆ ವಾಪಸ್ ಹಾಕಬೇಡಿ.

ನೀರು ಇಂಗುವ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಖಾಲಿ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ, ಒಂದು ಕಡ್ಡಿ ನಿಲ್ಲಿಸಿ ಗುರುತು ಹಾಕಿ. ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಇಳಿಯದಿದ್ದರೆ ತಳದಲ್ಲಿ ಕಟ್ಟಡದ ಕೆಲಸದಲ್ಲಿ ತುಳಿದು ಗಟ್ಟಿಯಾದ ಪದರ ಇದೆ. ಹಾರೆಯಿಂದ ಇನ್ನೂ ಅರ್ಧ ಅಡಿ ಒಡೆಯಿರಿ. ತಳಕ್ಕೆ ಜಲ್ಲಿ ಹಾಕುವ ಪದ್ಧತಿ ಬಳಕೆಯಲ್ಲಿದೆ, ಆದರೆ ಅದರಿಂದ ನೀರು ಬೇಗ ಇಳಿಯುವುದಿಲ್ಲ, ಬೇರಿನ ಜಾಗವಷ್ಟೇ ಕಡಿಮೆಯಾಗುತ್ತದೆ.

ಒಂದು ಗುಂಡಿಯ ಅಳತೆ ಸುಮಾರು 95 ಲೀಟರ್, ಗಾರೆ ಕೆಲಸದ ಬಾಂಡ್ಲಿಯಲ್ಲಿ ಸುಮಾರು 6 ಬಾಂಡ್ಲಿ. 3 ಬಾಂಡ್ಲಿ ಕೆಂಪು ಮಣ್ಣು, 2 ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಬಾಂಡ್ಲಿ ದಪ್ಪ ಮರಳು. ಇದಕ್ಕೆ 250 ಗ್ರಾಂ ಬೇವಿನ ಹಿಂಡಿ, 200 ಗ್ರಾಂ ಮೂಳೆ ಪುಡಿ, 50 ಗ್ರಾಂ ಟ್ರೈಕೊಡರ್ಮಾ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ). ಟ್ರೈಕೊಡರ್ಮಾವನ್ನು ನೇರ ಮಣ್ಣಿಗೆ ಹಾಕುವ ಬದಲು ಒಂದು ವಾರ ಮೊದಲೇ ತೇವದ ಗೊಬ್ಬರಕ್ಕೆ ಕಲಸಿ ನೆರಳಲ್ಲಿ ಮುಚ್ಚಿಟ್ಟರೆ ಅದು ಚೆನ್ನಾಗಿ ಹಬ್ಬುತ್ತದೆ. ಎಂ-ಸ್ಯಾಂಡ್ ಬಳಸುವವರು ಜರಡಿ ಹಿಡಿದು ಪುಡಿ ತೆಗೆಯಿರಿ, ಆ ಪುಡಿ ನೀರಿಗೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಗೊಬ್ಬರ ಕಳಿತಿದೆಯೋ ಇಲ್ಲವೋ ನೋಡಲು ಅಂಗೈಯಲ್ಲಿ ಉಜ್ಜಿ: ಸಗಣಿಯ ವಾಸನೆ ಬರಬಾರದು, ಹುಲ್ಲಿನ ಕಡ್ಡಿ ಕಾಣಬಾರದು, ಬಿಳಿಯ ಗೊಣ್ಣೆಹುಳು ಇರಲೇಬಾರದು. ಹಸಿ ಗೊಬ್ಬರದ ಕಾವಿಗೆ ಎಳೆ ಬೇರು ಸುಡುತ್ತದೆ.

ಗುಂಡಿ ತುಂಬಿದ ಮೇಲೆ ಮಣ್ಣು ಸುತ್ತಲಿನ ನೆಲಕ್ಕಿಂತ 3-4 ಇಂಚು ಎತ್ತರ ಇರಲಿ, ಅಂಚಿಗೆ ಇಟ್ಟಿಗೆ ಸಾಲು. ಮೂರು ವಾರ ಹಾಗೇ ಬಿಡಿ. ಮಣ್ಣು ಕುಸಿದು ಕೂರುವುದು ಗಿಡ ನೆಡುವ ಮೊದಲೇ ಆಗಿಬಿಡಬೇಕು, ಇಲ್ಲದಿದ್ದರೆ ಗಿಡವೂ ಜೊತೆಗೆ ಕುಸಿದು ಕಸಿಯ ಗಂಟು (ಒಳ್ಳೆಯ ತಳಿಯ ಕಣ್ಣನ್ನು ಬೇರುಗಿಡಕ್ಕೆ ಕೂಡಿಸಿದ ಜಾಗ) ಮಣ್ಣೊಳಗೆ ಹೂತುಹೋಗುತ್ತದೆ.

ನೆಡುವುದು: ನವೆಂಬರ್ ಮೊದಲ ವಾರ

ಬೆಂಗಳೂರಿನಲ್ಲಿ ವರ್ಷವಿಡೀ ಗುಲಾಬಿ ನೆಡಬಹುದು ಎನ್ನುತ್ತಾರೆ. ನೆಡಬಹುದು ನಿಜ. ಆದರೆ ಹಳದಿಯನ್ನು ಜೂನ್‌ನಲ್ಲಿ ನೆಟ್ಟರೆ ಬೇರು ಹಿಡಿಯುವ ಹೊತ್ತಿಗೇ ಕಪ್ಪು ಚುಕ್ಕೆಯ ಕಾಲ. ಮಾರ್ಚ್‌ನಲ್ಲಿ ನೆಟ್ಟರೆ ಬೇರಿಲ್ಲದೆ ಬೇಸಿಗೆ ಎದುರಿಸಬೇಕು. ದೊಡ್ಡ ಮಳೆ ಮುಗಿದ ನವೆಂಬರ್‌ನಲ್ಲಿ ನೆಟ್ಟರೆ ನಾಲ್ಕು ತಿಂಗಳ ತಂಪು ಹವೆ ಸಿಗುತ್ತದೆ.

ಕಸಿ ಗಿಡ ಕೊಳ್ಳುವಾಗ ಹೂವಿಗಿಂತ ಮೊದಲು ಗಂಟನ್ನು ನೋಡಿ. ಕಣ್ಣು ಕೂಡಿಸಿದ ಜಾಗ ಸುತ್ತಲೂ ತುಂಬಿಕೊಂಡಿರಬೇಕು, ಪ್ಲಾಸ್ಟಿಕ್ ಪಟ್ಟಿ ಕಡ್ಡಿಯೊಳಗೆ ಕಚ್ಚಿಕೊಂಡಿರಬಾರದು. ಗಂಟಿನ ಮೇಲಿನಿಂದ ಪೆನ್ಸಿಲ್ ದಪ್ಪದ ಕಡ್ಡಿಗಳು ಕನಿಷ್ಠ ಎರಡು, ಮೂರಿದ್ದರೆ ಉತ್ತಮ. ಒಂದೇ ಉದ್ದ ಕಡ್ಡಿಯ ತುದಿಯಲ್ಲಿ ದೊಡ್ಡ ಹೂವು ಹೊತ್ತ ಗಿಡ ಅಂಗಡಿಯಲ್ಲಿ ಚೆಂದ ಕಾಣುತ್ತದೆ ಅಷ್ಟೆ.

ಹೊರ ರಾಜ್ಯದ ನರ್ಸರಿಗಳಿಂದ ಬರುವ ಗಿಡಗಳ ಬುಡಕ್ಕೆ ಅಂಟುಮಣ್ಣಿನ ಉಂಡೆ ಕಟ್ಟಿರುತ್ತಾರೆ. ಅದನ್ನು ಹಾಗೇ ಗುಂಡಿಗೆ ಇಳಿಸಿದರೆ ಸುತ್ತಲಿನ ಸಡಿಲ ಮಣ್ಣು ಒದ್ದೆಯಾಗಿದ್ದರೂ ಉಂಡೆಯ ಒಳಗೆ ನೀರು ಹೋಗುವುದಿಲ್ಲ. ಒಳಗೆ ಹೋದ ನೀರು ಹೊರಗೂ ಬರುವುದಿಲ್ಲ. ನೆಟ್ಟ ಒಂದೆರಡು ತಿಂಗಳಿಗೆ ಕಾರಣವೇ ತಿಳಿಯದೆ ಸಾಯುವ ಗಿಡಗಳಲ್ಲಿ ಇದೇ ದೊಡ್ಡ ಕಾರಣ. ಕವರ್ ಕತ್ತರಿಸಿ, ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಹೊರಗಿನ ಅರ್ಧದಷ್ಟು ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ತೊಳೆದು ತೆಗೆಯಿರಿ. ಪೂರ್ತಿ ತೊಳೆಯಬೇಡಿ, ಸಣ್ಣ ಬೇರುಗಳು ಹರಿದುಹೋಗುತ್ತವೆ. ಸುತ್ತಿಕೊಂಡ ಬೇರಿದ್ದರೆ ಬಿಡಿಸಿ ಹರಡಿ.

ಗಂಟು ಮಣ್ಣಿನ ಮಟ್ಟಕ್ಕಿಂತ 2 ಇಂಚು ಮೇಲಿರಬೇಕು. ಹಿಮ ಬೀಳುವ ದೇಶಗಳ ಪುಸ್ತಕಗಳಲ್ಲಿ ಗಂಟನ್ನು ಹೂಳಲು ಹೇಳುತ್ತಾರೆ, ಅದು ಚಳಿಯಿಂದ ಕಾಪಾಡಲು. ನಮ್ಮಲ್ಲಿ ಹೂತ ಗಂಟು ಮಳೆಗಾಲದಲ್ಲಿ ಕೊಳೆಯುತ್ತದೆ. ನೆಟ್ಟ ದಿನ ಒಂದು ಗಿಡಕ್ಕೆ 10 ಲೀಟರ್ ನೀರು, ನಿಧಾನಕ್ಕೆ. ಮೊದಲ ಎರಡು ವಾರ ಮಧ್ಯಾಹ್ನ ಹಸಿರು ಬಲೆಯ ನೆರಳು ಕೊಡಿ. ಆ ತಿಂಗಳು ರಾಸಾಯನಿಕ ಗೊಬ್ಬರ ಮುಟ್ಟಿಸಬೇಡಿ.

ನೀರು ಮತ್ತು ಮುಚ್ಚಿಗೆ

ಪೈಪಿನಿಂದ ಮೇಲೆ ನೀರು ಹಾರಿಸುವ ಅಭ್ಯಾಸ ಬಿಡಲೇಬೇಕು. ಬದಲಿಗೆ ಹನಿ ನೀರಾವರಿ ಹಾಕಿ: 16 ಮಿ.ಮೀ. ಲ್ಯಾಟರಲ್ ಪೈಪು 10 ಅಡಿ, ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಆರು, ಒಂದು ಜರಡಿ ಫಿಲ್ಟರ್, ಒಂದು ಎಂಡ್ ಕ್ಯಾಪ್, ನಲ್ಲಿಗೆ ಹಾಕಲು ಒಂದು ಅಡಾಪ್ಟರ್, ಇಷ್ಟೇ ಸಾಮಾನು. ಗಿಡದ ಎರಡೂ ಬದಿಗೆ, ಕಾಂಡದಿಂದ 6 ಇಂಚು ದೂರದಲ್ಲಿ ಒಂದೊಂದು ಡ್ರಿಪ್ಪರ್. ಒಂದು ಗಂಟೆ ಬಿಟ್ಟರೆ ಗಿಡಕ್ಕೆ 8 ಲೀಟರ್. ಮಾರ್ಚ್‌ನಿಂದ ಮೇ ತನಕ ವಾರಕ್ಕೆ ಮೂರು ಸಲ, ಚಳಿಗಾಲದಲ್ಲಿ ಎರಡು ಸಲ, ಮಳೆಗಾಲದಲ್ಲಿ ಮಣ್ಣಿಗೆ ಬೆರಳು ಹಾಕಿ ಎರಡು ಇಂಚು ಒಣಗಿದ್ದರೆ ಮಾತ್ರ.

ಮಣ್ಣಿನ ಮೇಲೆ 2 ಇಂಚು ದಪ್ಪಕ್ಕೆ ಒಣ ಎಲೆ ಅಥವಾ ತೆಂಗಿನ ನಾರಿನ ಮುಚ್ಚಿಗೆ ಹಾಸಿ. ಈ ಪಟ್ಟಿಗೆ ಎರಡು ಗೋಣಿಚೀಲ ಸಾಕಾಗುತ್ತದೆ. ಕಾಂಡದ ಸುತ್ತ 4 ಇಂಚು ಬಿಟ್ಟು ಹಾಸಬೇಕು. ತೇವ ಉಳಿಯುವುದು ಮುಚ್ಚಿಗೆಯ ಒಂದು ಲಾಭವಷ್ಟೆ. ನೆಲಕ್ಕೆ ಬಿದ್ದ ರೋಗದ ಎಲೆಯಿಂದ ಮಳೆಹನಿ ಸಿಡಿದು ಕೆಳಗಿನ ಎಲೆಗೆ ಬೀಜಕಣ ತಲುಪುವುದನ್ನು ಅದು ತಡೆಯುತ್ತದೆ, ಹಳದಿ ಗುಲಾಬಿಗೆ ಇದೇ ಮುಖ್ಯ. ಗುಲಾಬಿಯ ಉದುರಿದ ಎಲೆಯನ್ನೇ ಮುಚ್ಚಿಗೆಗೆ ಬಳಸಬೇಡಿ, ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ.

ಬೋರ್‌ವೆಲ್ ನೀರಿನ ವಿಷಯ ಬೇರೆಯೇ. ಡ್ರಿಪ್ಪರ್ ಬಾಯಲ್ಲಿ ಬಿಳಿ ಪುಡಿ ಕಟ್ಟುತ್ತಿದ್ದರೆ ನೀರು ಗಡುಸು. ಅದು ವರ್ಷದಲ್ಲಿ ಮಣ್ಣನ್ನು ಕ್ಷಾರ ಮಾಡುತ್ತದೆ, ಕಬ್ಬಿಣಾಂಶ ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಮೊದಲು ಗುಲಾಬಿಗೆ ಕೊಡಿ. ಇಲ್ಲದಿದ್ದರೆ ವರ್ಷಕ್ಕೊಮ್ಮೆ ಗಿಡಕ್ಕೆ 30 ಗ್ರಾಂ ಗಂಧಕದ ಪುಡಿಯನ್ನು ಮೇಲ್ಮಣ್ಣಿಗೆ ಕೆದರಿ. ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಆಮ್ಲವಾಗಿ ಬದಲಾಯಿಸಲು ಕೆಲವು ತಿಂಗಳು ಬೇಕು, ಫಲ ನಾಳೆಯೇ ಕಾಣುವುದಿಲ್ಲ.

ಮೊದಲ ಮೊಗ್ಗುಗಳನ್ನು ಚಿವುಟುವುದು

ನೆಟ್ಟ ಗಿಡ ಡಿಸೆಂಬರ್‌ನಲ್ಲೇ ಮೊಗ್ಗು ತೋರಿಸುತ್ತದೆ. ಬಟಾಣಿ ಗಾತ್ರಕ್ಕೆ ಬಂದಾಗ ಮೊಗ್ಗನ್ನಷ್ಟೇ ಚಿವುಟಿ, ಎಲೆ ಒಂದೂ ಹೋಗಬಾರದು. ಬುಡದಿಂದ ಗಟ್ಟಿಯಾದ ಮೂರು-ನಾಲ್ಕು ಕಡ್ಡಿ ಏಳುವವರೆಗೆ, ಅಂದರೆ ಸುಮಾರು ಜನವರಿ ಕೊನೆಯವರೆಗೆ ಹೀಗೇ ನಡೆಯಲಿ. ಎಲ್ಲರಿಗೂ ಕಷ್ಟವಾಗುವ ಹಂತ ಇದು. ಆದರೆ ಮೊದಲ ಚಳಿಗಾಲದಲ್ಲಿ ಉದ್ದ ಕಡ್ಡಿ ಸಮೇತ ಹೂ ಕಿತ್ತ ಗಿಡ ಮುಂದಿನ ಮಳೆಗಾಲಕ್ಕೆ ಬೇಕಾದ ಸಂಗ್ರಹವನ್ನು ಕಳೆದುಕೊಂಡಿರುತ್ತದೆ.

ಫೆಬ್ರವರಿಯಿಂದ ಹೂ ಅರಳಲು ಬಿಡಿ. ಒಂದು ಕಡ್ಡಿಗೆ ಒಂದೇ ದೊಡ್ಡ ಹೂ ಬೇಕಾದರೆ ನಡು ಮೊಗ್ಗಿನ ಕೆಳಗಿನ ಪಕ್ಕದ ಮೊಗ್ಗುಗಳನ್ನು ಸಣ್ಣವಿರುವಾಗಲೇ ಪಕ್ಕಕ್ಕೆ ಬಾಗಿಸಿ ಮುರಿಯಿರಿ.

ಈ ಹೊತ್ತಿನಲ್ಲಿ ಗಂಟಿನ ಕೆಳಗಿನಿಂದ ಒಂದು ಚಿಗುರು ಬರಬಹುದು. ತಿಳಿ ಹಸಿರು, ಸಪೂರ, ಬೇಗ ಉದ್ದವಾಗುವಂಥದ್ದು. ಅದು ಬೇರುಗಿಡದ ಕಾಡು ಚಿಗುರು. 'ಏಳೆಲೆ ಇದ್ದರೆ ಕಾಡು, ಐದೆಲೆ ಇದ್ದರೆ ಒಳ್ಳೆಯದು' ಎಂಬ ಮಾತು (ಒಂದು ಎಲೆಯಲ್ಲಿ ಕೂಡಿರುವ ಕಿರುಎಲೆಗಳ ಲೆಕ್ಕ) ಪೂರ್ತಿ ನಿಜವಲ್ಲ, ಒಳ್ಳೆಯ ತಳಿಗಳೂ ಏಳೆಲೆ ಬಿಡುತ್ತವೆ. ಮಣ್ಣು ಸರಿಸಿ ಚಿಗುರು ಎಲ್ಲಿಂದ ಹೊರಟಿದೆ ಎಂದು ನೋಡಿಯೇ ತೀರ್ಮಾನಿಸಿ. ಗಂಟಿನ ಕೆಳಗಿನದಾದರೆ ಕತ್ತರಿಯಿಂದ ಕತ್ತರಿಸದೆ ಕೆಳಮುಖವಾಗಿ ಎಳೆದು ಬುಡಸಮೇತ ಕೀಳಿ. ಕತ್ತರಿಸಿದರೆ ಉಳಿದ ಮೊಂಡಿನ ಕಣ್ಣುಗಳಿಂದ ನಾಲ್ಕು ಹುಟ್ಟುತ್ತವೆ.

ಗೊಬ್ಬರ

ಹದಿನೈದು ದಿನಕ್ಕೊಮ್ಮೆ ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ), ಲೀಟರಿಗೆ 3 ಗ್ರಾಂ, ಗಿಡಕ್ಕೆ 2 ಲೀಟರ್, ಒದ್ದೆ ಮಣ್ಣಿಗೆ. ಅದರ ನಡುವಿನ ವಾರದಲ್ಲಿ ಹಿಂಡಿ ನೀರು: 100 ಗ್ರಾಂ ಕಡಲೆಕಾಯಿ ಹಿಂಡಿ, 50 ಗ್ರಾಂ ಬೇವಿನ ಹಿಂಡಿ ಒಂದು ಲೀಟರ್ ನೀರಿನಲ್ಲಿ ನಾಲ್ಕು ದಿನ ನೆನೆಸಿ, 10 ಲೀಟರಿಗೆ ಬೆರೆಸಿ, ಗಿಡಕ್ಕೆ 3 ಲೀಟರ್. ಮೊಗ್ಗು ಕಾಣಿಸಿದ ಮೇಲೆ ಒಂದು ಸಲ 19:19:19 ಬದಲು ಪೊಟ್ಯಾಷಿಯಂ ಸಲ್ಫೇಟ್, ಲೀಟರಿಗೆ 2 ಗ್ರಾಂ. ಯೂರಿಯಾ ಬೇಡವೇ ಬೇಡ. ಸಾರಜನಕ ಹೆಚ್ಚಾದ ಚಿಗುರು ಮೆತ್ತಗಾಗಿ ಬೂದಿ ರೋಗಕ್ಕೂ ಗಿಡಹೇನಿಗೂ ಎಡೆಮಾಡುತ್ತದೆ, ಹೂವಿನ ಕತ್ತು ಬಾಗುತ್ತದೆ.

ಕಪ್ಪು ಚುಕ್ಕೆ: ಜೂನ್‌ನಿಂದ ಅಕ್ಟೋಬರ್

ಇಡೀ ವರ್ಷದ ಗೆಲುವು ಸೋಲು ಇಲ್ಲಿದೆ. ರೋಗದ ಶಿಲೀಂಧ್ರ ಡಿಪ್ಲೊಕಾರ್ಪಾನ್ ರೋಸೆ. ಅದರ ಬೀಜಕಣ ಎಲೆಯೊಳಗೆ ಇಳಿಯಲು ಎಲೆ ಸತತ 7 ಗಂಟೆಯಾದರೂ ಒದ್ದೆಯಾಗಿರಬೇಕು, ಹವೆ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಇನ್ನೂ ಸಲೀಸು. ಬೆಂಗಳೂರಿನ ಆಗಸ್ಟ್ ರಾತ್ರಿಗಳು ಇದಕ್ಕೆಂದೇ ಮಾಡಿಸಿದಂತಿವೆ. ಸಂಜೆ ಹೊತ್ತು ಎಲೆ ನೆನೆಸಬಾರದು ಎಂಬ ಮಾತಿನ ಹಿಂದಿರುವುದು ಈ 7 ಗಂಟೆಯ ಲೆಕ್ಕ. ಬೆಳಿಗ್ಗೆ ಏಳಕ್ಕೆ ನೆನೆದ ಎಲೆ ಹತ್ತಕ್ಕೆ ಒಣಗುತ್ತದೆ, ಸಂಜೆ ಆರಕ್ಕೆ ನೆನೆದದ್ದು ಮರುದಿನ ಬೆಳಿಗ್ಗೆಯವರೆಗೆ ಒದ್ದೆ.

ಚುಕ್ಕೆಯನ್ನು ಹತ್ತಿರದಿಂದ ನೋಡಿ. ಎಲೆಯ ಮೇಲ್ಮೈಯಲ್ಲಿ ಮಸಿಹನಿ ಬಿದ್ದಷ್ಟು ಗಾತ್ರ, ಅಂಚು ನೇರವಾಗಿರದೆ ಗರಿಗರಿಯಾಗಿ ಹರಡಿರುತ್ತದೆ. ಸುತ್ತಲಿನ ಎಲೆ ಹಳದಿಗೆ ತಿರುಗುತ್ತದೆ, ಮುಟ್ಟಿದರೆ ಎಲೆ ಕೈಗೆ ಬರುತ್ತದೆ. ಕೆಳಗಿನ ಎಲೆಯಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಅಂಚು ನುಣುಪಾಗಿ, ನಡುವೆ ಬೂದು ಬಣ್ಣವಿದ್ದರೆ ಅದು ಬೇರೆ ಎಲೆಚುಕ್ಕೆ.

ಇದರ ಹಾನಿ ಆ ತಿಂಗಳಿಗೇ ಮುಗಿಯುವುದಿಲ್ಲ. ಆಗಸ್ಟ್‌ನಲ್ಲಿ ಬೋಳಾದ ಗಿಡ ಕಡ್ಡಿಯಲ್ಲಿ ಕೂಡಿಟ್ಟ ಆಹಾರ ಖರ್ಚು ಮಾಡಿ ಹೊಸ ಎಲೆ ಬಿಡುತ್ತದೆ, ಅದೂ ಉದುರುತ್ತದೆ. ಅಕ್ಟೋಬರ್‌ನಲ್ಲಿ ಸವರುವ ಹೊತ್ತಿಗೆ ಕಡ್ಡಿಯೊಳಗೆ ಬಲವಿಲ್ಲ. ಸವರಿದ ಗಾಯ ಮಾಯುವ ಮೊದಲೇ ತುದಿ ಕಪ್ಪಾಗಿ ಕೆಳಕ್ಕೆ ಒಣಗುತ್ತ ಬರುತ್ತದೆ. ಚಳಿಗಾಲದಲ್ಲಿ ಒಣಗಿದ ಗಿಡವನ್ನು ನೋಡಿ ಚಳಿಯನ್ನು ದೂರುತ್ತೇವೆ, ಕಾರಣ ಆಗಸ್ಟ್‌ನಲ್ಲಿ ಇರುತ್ತದೆ.

ಹಾಗಾಗಿ ಚುಕ್ಕೆ ಕಾಣುವ ಮೊದಲೇ, ಮೇ ಕೊನೆಯ ಮಳೆಗೆ ಶುರು ಮಾಡಿ. ಶಿಲೀಂಧ್ರನಾಶಕ ಮ್ಯಾಂಕೊಜೆಬ್ ಲೀಟರಿಗೆ 2 ಗ್ರಾಂ, ಹತ್ತು ದಿನಕ್ಕೊಮ್ಮೆ. ಪ್ರತಿ ಮೂರನೇ ಸಲ ಅದರ ಬದಲು ಹೆಕ್ಸಾಕೊನಜೋಲ್ 5 ಇಸಿ, ಲೀಟರಿಗೆ 1 ಮಿ.ಲೀ. ಮೂರು ಗಿಡಕ್ಕೆ ಒಂದೂವರೆ ಲೀಟರ್ ದ್ರಾವಣ ಸಾಕು, ಅಂದರೆ ಮ್ಯಾಂಕೊಜೆಬ್ 3 ಗ್ರಾಂ. ಎಲೆಗೆ ಹಿಡಿಯಲು ಸ್ಟಿಕ್ಕರ್ ಎಂಬ ಅಂಟುದ್ರವ ಕೆಲವು ಹನಿ. ಬೆಳಿಗ್ಗೆ, ಎಲೆಯ ಅಡಿಗೂ ತಲುಪುವಂತೆ, ಕೈಗವಸು ಮತ್ತು ಮಾಸ್ಕ್ ಹಾಕಿ. ಮ್ಯಾಂಕೊಜೆಬ್ ಎಲೆಯ ಮೇಲಿದ್ದು ತಡೆಯುವ ಔಷಧಿ, ಒಳಗೆ ಇಳಿದ ರೋಗವನ್ನು ತೆಗೆಯುವುದಿಲ್ಲ. ಜೋರು ಮಳೆಗೆ ತೊಳೆದುಹೋದರೆ ಹತ್ತು ದಿನ ಕಾಯದೆ ಮತ್ತೆ ಹೊಡೆಯಬೇಕು. ಔಷಧಿ ಹೊಡೆದ ಗಿಡದ ಎಸಳಿನಿಂದ ಗುಲ್ಕನ್ ಮಾಡಬೇಡಿ.

ನೆಲದಿಂದ 8 ಇಂಚಿನವರೆಗಿನ ಎಲೆಗಳನ್ನು ಜೂನ್‌ನಲ್ಲೇ ತೆಗೆದುಬಿಟ್ಟರೆ ಮಳೆಹನಿ ಸಿಡಿದು ಮುಟ್ಟುವ ಎಲೆಯೇ ಇರುವುದಿಲ್ಲ. ಚುಕ್ಕೆಯ ಎಲೆಯನ್ನು ದಿನಾ ಆರಿಸಿ ಕವರಿಗೆ ಹಾಕಿ, ಮನೆಯಿಂದ ಹೊರಗೆ ಕಳಿಸಿ. ಔಷಧಿಯಷ್ಟೇ ಕೆಲಸ ಮಾಡುವ ಅಭ್ಯಾಸ ಇದು.

ಉಳಿದ ತೊಂದರೆಗಳು

ಥ್ರಿಪ್ಸ್‌ಗೆ ಹಳದಿ, ಬಿಳಿ ಹೂವೆಂದರೆ ಪ್ರೀತಿ. ಫೆಬ್ರವರಿಯಿಂದ ಮೇ ತನಕ ಮೊಗ್ಗು ಅರ್ಧ ಅರಳಿ ನಿಂತರೆ, ಎಸಳಿನ ಅಂಚು ಕಂದಾಗಿದ್ದರೆ, ಹೂವನ್ನು ಬಿಳಿ ಕಾಗದದ ಮೇಲೆ ತಟ್ಟಿ. ಕೂದಲೆಳೆಯ ಚೂರಿನಂತೆ ಓಡಾಡುವ ಸಣ್ಣ ಕೀಟಗಳು ಕಾಣುತ್ತವೆ. ಆ ಹೂಗಳನ್ನು ಕತ್ತರಿಸಿ ಕವರಿನಲ್ಲಿ ಕಟ್ಟಿ ಎಸೆಯಿರಿ, ನೀಲಿ ಅಂಟುಹಾಳೆ ಒಂದನ್ನು ಗಿಡದ ಎತ್ತರಕ್ಕೆ ನೇತುಹಾಕಿ. ಮಿತಿಮೀರಿದರೆ ಕೀಟನಾಶಕ ಸ್ಪಿನೋಸ್ಯಾಡ್ 45 ಎಸ್‌ಸಿ ಲೀಟರಿಗೆ 0.3 ಮಿ.ಲೀ., ಸಿರಿಂಜಿನಲ್ಲಿ ಅಳೆದು. ಹಸಿಯಾಗಿರುವಾಗ ಇದು ಜೇನಿಗೆ ವಿಷ, ಆದ್ದರಿಂದ ಇದೊಂದನ್ನು ಮಾತ್ರ ಸಂಜೆ, ಮಳೆಯಿಲ್ಲದ ತಿಂಗಳಲ್ಲಿ, ಮೊಗ್ಗಿಗಷ್ಟೇ ಹೊಡೆಯಬೇಕು.

ಎಲೆ ಹಳದಿಯಾದರೆಂದು ಕಂಡಕಂಡ ಔಷಧಿ ಹೊಡೆಯುವ ಮೊದಲು ಯಾವ ಎಲೆ ಎಂದು ನೋಡಿ. ಹೊಸ ಎಲೆ ಬಿಳಿಚಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ: ಫೆರಸ್ ಸಲ್ಫೇಟ್ 2 ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 1 ಗ್ರಾಂ ಒಂದು ಲೀಟರಿಗೆ, ಎಲೆಗೆ ಸಿಂಪಡಣೆ. ಹಳೆಯ ಎಲೆಯ ನರಗಳ ನಡುವೆ ಹಳದಿಯಾದರೆ ಮೆಗ್ನೀಷಿಯಂ: ಎಪ್ಸಮ್ ಉಪ್ಪು 15 ಗ್ರಾಂ 5 ಲೀಟರಿಗೆ, ಬುಡಕ್ಕೆ. ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಅಡಿಯಲ್ಲಿ ಧೂಳಿನಂಥ ಬಲೆ ಇದ್ದರೆ ಕೆಂಪು ಜೇಡನುಸಿ, ಬೇಸಿಗೆಯ ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿ. ಚುಕ್ಕೆಯೂ ಇಲ್ಲದೆ ಕೆಳಗಿನ ಎಲೆ ಮೆತ್ತಗೆ ಹಳದಿಯಾಗುತ್ತಿದ್ದರೆ ನೀರು ಹೆಚ್ಚಾಗಿದೆ.

ಬೂದಿ ರೋಗ ಡಿಸೆಂಬರ್-ಫೆಬ್ರವರಿಯದು. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಾಕು. ಬಿಸಿಲು 30 ಡಿಗ್ರಿ ದಾಟುವ ದಿನ ಹೊಡೆದರೆ ಎಲೆ ಸುಡುತ್ತದೆ. ಮೇ ತಿಂಗಳ ಮೊದಲ ಮಳೆಯ ನಂತರ ರಾತ್ರಿ ಎಲೆ ಜಾಲರಿಯಾಗುತ್ತಿದ್ದರೆ ದುಂಬಿಗಳ ಕೆಲಸ. ಟಾರ್ಚ್ ಹಿಡಿದು ಕೈಯಲ್ಲೇ ಆರಿಸಿ ಸೋಪು ನೀರಿಗೆ ಹಾಕಬಹುದು.

ಸವರುವುದು: ಅಕ್ಟೋಬರ್ ಕೊನೆ

ಕೆಂಪು ಗುಲಾಬಿಯನ್ನು ಒಂದಡಿಗೆ ಸವರುವವರು ಹಳದಿಗೂ ಅದನ್ನೇ ಮಾಡಿ ಗಿಡ ಕಳೆದುಕೊಳ್ಳುತ್ತಾರೆ. ಇದಕ್ಕೆ ಎತ್ತರದ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ, 2 ಅಡಿಗಿಂತ ಕೆಳಕ್ಕೆ ಹೋಗಬೇಡಿ. ಮೊದಲು ಸತ್ತ ಕಡ್ಡಿ, ಪೆನ್ಸಿಲ್‌ಗಿಂತ ಸಪೂರದ ಕಡ್ಡಿ, ಒಳಮುಖವಾಗಿ ಹೋಗಿ ಒಂದಕ್ಕೊಂದು ಉಜ್ಜುವ ಕಡ್ಡಿ ತೆಗೆಯಿರಿ. ಆಮೇಲೆ ಉಳಿದವನ್ನು ಹೊರಮುಖದ ಕಣ್ಣಿನಿಂದ ಕಾಲಿಂಚು ಮೇಲೆ, ಕಣ್ಣಿನ ಎದುರು ಬದಿಗೆ ಇಳಿಜಾರಾಗುವಂತೆ ಕತ್ತರಿಸಿ. ಕತ್ತರಿಸಿದ ಮುಖದ ನಡುಭಾಗ ಕಂದಾಗಿದ್ದರೆ ಇನ್ನೂ ಒಂದಿಂಚು ಕೆಳಗೆ ಹೋಗಿ, ಬಿಳಿ ತಿರುಳು ಕಾಣುವವರೆಗೆ. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ.

ಗಾಯಕ್ಕೆ ಅದೇ ದಿನ ಬೋರ್ಡೋ ಮುಲಾಮು. ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಬೋರ್ಡೋ ದ್ರಾವಣ ಗೊತ್ತಿರುವುದೇ, ಇದು ಅದರ ಗಟ್ಟಿ ರೂಪ. 10 ಗ್ರಾಂ ಮೈಲುತುತ್ತವನ್ನು 50 ಮಿ.ಲೀ. ನೀರಿನಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದು 50 ಮಿ.ಲೀ. ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ. ಸುಣ್ಣ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಕಲಕುತ್ತ ಅದಕ್ಕೆ ಸುರಿಯಿರಿ. ಹೊಳೆಯುವ ಕಬ್ಬಿಣದ ಬ್ಲೇಡನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಹಳೆಯ ಬ್ರಷ್‌ನಿಂದ ಕತ್ತರಿಸಿದ ತುದಿಗೆ ಮಾತ್ರ ಹಚ್ಚಿ. ಚಿಗುರಿದ ಎಲೆಗೆ ಬೋರ್ಡೋ ಸಿಂಪಡಿಸಬೇಡಿ, ಮೋಡದ ತಂಪು ಹವೆಯಲ್ಲಿ ತಾಮ್ರ ಗುಲಾಬಿ ಎಲೆಯನ್ನು ಕೆಂಪಾಗಿಸಿ ಉದುರಿಸುತ್ತದೆ.

ಸವರಿದ ಮೇಲೆ ಹೂ ಬರಲು ಸುಮಾರು 45ರಿಂದ 50 ದಿನ. ಲಾಲ್‌ಬಾಗ್‌ನ ಗಣರಾಜ್ಯೋತ್ಸವ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಮನೆಯಲ್ಲೂ ಹೂವಿರಲಿ ಎನ್ನುವವರು ಡಿಸೆಂಬರ್ ಮೊದಲ ವಾರದಲ್ಲಿ ಸವರಿದರೆ ಸರಿಹೋಗುತ್ತದೆ.

ಹೂ ಕೊಯ್ಯುವುದು

ಪರಿಮಳ ಒಂದೇ ವಸ್ತುವಿನಿಂದ ಬರುವುದಲ್ಲ. ಚೀನಾ ಮೂಲದ ಗುಲಾಬಿಗಳಿಂದ ಬಂದ ಚಹಾದಂಥ ವಾಸನೆ ಒಂದು ಕಡೆ, ಜೆರೇನಿಯಾಲ್‌ನಂಥ ಹಳೆಯ ಗುಲಾಬಿಯ ವಾಸನೆ ಇನ್ನೊಂದು ಕಡೆ. ಹಳದಿಯಲ್ಲಿ ಇನ್ನೂ ಒಂದಿದೆ: ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ಒಡೆದಾಗ ಹುಟ್ಟುವ ಅಯೊನೋನ್, ಹಣ್ಣಿನಂಥ ಘಮ ಅದರಿಂದ. ಇವೆಲ್ಲ ಹೂವು ಅರೆಬಿರಿದಿರುವಾಗ, ಬೆಳಗಿನ ಎಳೆಬಿಸಿಲು ಎಸಳನ್ನು ಬೆಚ್ಚಗಾಗಿಸುವಾಗ ಚೆನ್ನಾಗಿ ಹೊರಬರುತ್ತವೆ. ಒಣಗಾಳಿ ಬೀಸುವ ಮಾರ್ಚ್ ಮಧ್ಯಾಹ್ನ ಅವು ಹಾರಿಹೋಗುತ್ತವೆ. ಹಿಂದಿನ ಸಂಜೆ ಬುಡಕ್ಕೆ ನೀರು ಕೊಟ್ಟ ಗಿಡದ ಹೂವಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಹೂದಾನಿಗಾದರೆ ಬೆಳಿಗ್ಗೆ ಎಂಟರೊಳಗೆ ಕೊಯ್ಯಿರಿ. ಮೊಗ್ಗನ್ನು ಹೊದ್ದಿದ್ದ ಹಸಿರು ಪುಷ್ಪಪತ್ರಗಳು ಕೆಳಕ್ಕೆ ಬಾಗಿ, ಹೊರಗಿನ ಎಸಳು ಸಡಿಲವಾಗಲು ಶುರುವಾದಾಗ ಸರಿಯಾದ ಹದ. ಕೆಂಪಿಗಿಂತ ಹಳದಿಯನ್ನು ತುಸು ಬಿಗಿಯಾಗಿರುವಾಗಲೇ ಕೊಯ್ಯಬಹುದು, ಅದು ನೀರಿನಲ್ಲಿ ಅರಳುತ್ತದೆ. 'ಸಟರ್ಸ್ ಗೋಲ್ಡ್' ವಿಷಯದಲ್ಲಿ ಇದನ್ನು ತಪ್ಪಿಸಬೇಡಿ, ಅದು ಕಾಯುವುದಿಲ್ಲ. ಕೊಯ್ಯುವ ಜಾಗ ಹೊರಮುಖವಾಗಿ ನಿಂತ ಐದೆಲೆಯ ಮೇಲೆ. ಕೆಳಗೆ ಕಡ್ಡಿಯಲ್ಲಿ ಅಂಥ ಎಲೆ ಕನಿಷ್ಠ ಎರಡು ಉಳಿಯಬೇಕು. ಗಿಡದಲ್ಲೇ ಬಾಡಿದ ಹೂವಿಗೂ ಇದೇ ಲೆಕ್ಕ. ಕಾಯಿ ಕಟ್ಟಲು ಬಿಟ್ಟರೆ ಮುಂದಿನ ಚಿಗುರು ತಡವಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಉದ್ದ ಕಡ್ಡಿ ಕೊಯ್ಯುವುದನ್ನು ನಿಲ್ಲಿಸಿ, ಹೂವಿನ ಕತ್ತನ್ನಷ್ಟೇ ಚಿವುಟಿ, ಎಲೆಗಳನ್ನೆಲ್ಲ ಗಿಡದಲ್ಲೇ ಬಿಡಿ.